ಸರದಿ ಸಮವಾದರೆ ಪಾಲು ಸಮವೇ?

ಕಳೆದ ಯುಗಾದಿಗೆ ನಾವೆಲ್ಲ ಸ್ಟಾಕ್‌ಪೋರ್ಟಿನ ಸಭಾಂಗಣವೊಂದರಲ್ಲಿ ಸೇರಿದ್ದಾಗ, ಊರಿನಲ್ಲಿರುವ ಹಿರಿಯರಿಗೂ ಕಾರ್ಯಕ್ರಮ ಕಾಣಲೆಂದು ವೈಫೈ ಮೂಲಕ ಏರ್ಪಾಡು ಮಾಡಿದ್ದೆವು. ಮಕ್ಕಳ ಕೋಲಾಟ ಅರ್ಧಕ್ಕೆ ಬಂದಾಗ ಚಿತ್ರ ನಿಂತೇ ಹೋಯಿತು. ಹುಡುಗರು ಯಾರೋ ಸಿನಿಮಾ ನೋಡುತ್ತಿರಬೇಕೆಂದು ಅವರ ಮೇಲೆ ಗೂಬೆ ಕೂರಿಸಿದೆವು. ವಿಚಾರಿಸಿದರೆ, ಎರಡು ಗೋಡೆಯಾಚೆ ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಿದ್ದ ನಮ್ಮ ಸದಸ್ಯೆಯೊಬ್ಬರ ಹಳೆಯ ಫೋನು ತವರಿಗೆ ಫೋಟೋ ಕಳಿಸುತ್ತಿತ್ತು. ಅದು ಮುಗಿದೊಡನೆ ಚಿತ್ರ ಮರಳಿತು.

ಅವರು ಯಾರ ಪಾಲನ್ನೂ ಕದ್ದಿರಲಿಲ್ಲ. ವೈಫೈಯಲ್ಲಿ ಸಾಮಾನ್ಯವಾಗಿ ಒಂದು ಹಾದಿಯ ಮೇಲೆ ಒಮ್ಮೆಗೆ ಒಬ್ಬರೇ ಮಾತನಾಡಬೇಕು. ಹಳೆಯ ಪದ್ಧತಿಯಲ್ಲಿ ಎಲ್ಲರಿಗೂ ಸಮನಾದ ಸರದಿ. ಆದರೆ ದೂರದ ಫೋನು ತಪ್ಪಿಲ್ಲದೆ ಮುಟ್ಟಿಸಲು ನಿಧಾನವಾಗಿ ಕಳಿಸಬೇಕಾಗುತ್ತದೆ. ಫ್ರಾನ್ಸಿನ ಗ್ರೆನೋಬ್ಲಿನ ಸಂಶೋಧಕರು 2003ರಲ್ಲಿ ಇದನ್ನು ವಿವರಿಸಿದರು. ಒಬ್ಬರ ವೇಗ ಸೆಕೆಂಡಿಗೆ 11 ಮೆಗಾಬಿಟ್, ಇನ್ನೊಬ್ಬರದು 1 ಎನ್ನಿ. ಸರದಿ ಸಮವಾದರೆ ಇಬ್ಬರಿಗೂ ದಕ್ಕುವುದು ಸುಮಾರು 0.92 ಮಾತ್ರ! ಸರದಿಯ ಬದಲು ಸಮಯವನ್ನೇ ಅರ್ಧರ್ಧ ಹಂಚಿದರೆ ಹತ್ತಿರದವರಿಗೆ 5.5, ದೂರದವರಿಗೆ 0.5.

ಇಲ್ಲಿ ನಮಗೆ ಕೋಲಾರದ ಕಡೆಯ ಕೆರೆಗಳ ನೀರುಗಂಟಿ ನೆನಪಾದ. ತೂಬು ತೆಗೆದು ಗದ್ದೆ ಗದ್ದೆಗೆ ನೀರು ಬಿಡುವವನು ಅವನೇ. ಎಲ್ಲರಿಗೂ ಒಂದೊಂದು ಗಂಟೆ ಬಿಟ್ಟರೂ ಕಾಲುವೆಯಲ್ಲಿ ಇಂಗಿಹೋಗಿ, ಕೊನೆಯ ಗದ್ದೆಗೆ ಮುಟ್ಟುವ ನೀರು ಕಡಿಮೆ. ಕೊನೆಯವನಿಗೂ ಅಷ್ಟೇ ನೀರು ಮುಟ್ಟಬೇಕೆಂದರೆ ಮೇಲಿನವರು ಕಾಯಬೇಕು. ಗಂಟೆ ಅಳೆಯುವುದೋ, ನೀರು ಅಳೆಯುವುದೋ? ಜಗಳವೆಲ್ಲ ಅಲ್ಲೇ.

ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲಿ 1997ರಲ್ಲಿ ಜಾಲಗಳಿಗಾಗಿ ಒಂದು ಸೂತ್ರ ಕೊಟ್ಟರು. ನಮ್ಮ ಇಬ್ಬರ ಲೆಕ್ಕಕ್ಕೆ ಅದನ್ನು ಹಚ್ಚಿದರೆ, ಪಾಲುಗಳ ಗುಣಲಬ್ಧ ಅತಿ ಹೆಚ್ಚಾಗುವ ಹಂಚಿಕೆಯೇ ನ್ಯಾಯ. ಯಾರದಾದರೂ ಪಾಲು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ; ಹಾಗಾಗಿ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. 0.92ನ್ನು 0.92ರಿಂದ ಗುಣಿಸಿದರೆ 0.85, 5.5ನ್ನು 0.5ರಿಂದ ಗುಣಿಸಿದರೆ 2.75. ಸಮಯ ಹಂಚುವುದೇ ಗೆದ್ದಿತು. ಇದೇ ಜಾಡಿನ ಲೆಕ್ಕ ಮುಂದೆ ಮೊಬೈಲ್ ಗೋಪುರಗಳಿಗೂ ಬಂತು.

ಲೆಕ್ಕ ಸರಿ. ಆದರೆ ಒಬ್ಬಟ್ಟು ಬೇಯಿಸಿದವರ ಪಾಲು 0.92ರಿಂದ 0.5ಕ್ಕೆ ಇಳಿಯಿತಲ್ಲ! ಎಲ್ಲರಿಗಾಗಿ ಒಲೆಯ ಮುಂದೆ ನಿಂತವರಿಗೇ ಕಡಿಮೆ ಎನ್ನಲು ನಮಗೆ ಬಾಯಿ ಬರಲಿಲ್ಲ. ದೂರದ ಫೋನಿನ ವೇಗವನ್ನೇ ಹೆಚ್ಚಿಸಿದರೆ ಯಾರ ಪಾಲನ್ನೂ ಕತ್ತರಿಸಬೇಕಿಲ್ಲ. ಆದ್ದರಿಂದ ದೀಪಾವಳಿಗೆ ವೈಫೈ ಪೆಟ್ಟಿಗೆಯನ್ನು ವೇದಿಕೆಯ ಮೂಲೆಯಿಂದ ತೆಗೆದು ಅಡುಗೆಮನೆಯ ಬಾಗಿಲ ಬಳಿ ಇಡುತ್ತೇವೆ. ಉದ್ದದ ತಂತಿ ಇದ್ದವರು ದಯವಿಟ್ಟು ತನ್ನಿ.