ಅಜ್ಜಿಯ ಹೆಸರು ನಿಮಗೆ ಗೊತ್ತೇ?

"ಹಿರಿಯರಿಲ್ಲದ ಮನೆಯಲ್ಲ, ಗುರುವಿಲ್ಲದ ಮಠವಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಹಿರಿಯರು ಮನೆಯಲ್ಲಿ ಇದ್ದರಷ್ಟೇ ಸಾಕೇ? ಅವರು ಕಂಡದ್ದು, ಉಂಡದ್ದು, ಅನುಭವಿಸಿದ್ದು ಮನೆಯ ಮಕ್ಕಳಿಗೂ ತಲುಪಬೇಡವೇ?

ಸ್ವಸಹಾಯ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕವೆಲ್ಲಾ ಮುಗಿದ ಮೇಲೆ ನಾವು ಕೆಲವೊಮ್ಮೆ ಒಂದು ಸುಲಭದ ಪ್ರಶ್ನೆ ಕೇಳುತ್ತೇವೆ: "ನಿಮ್ಮ ಅಜ್ಜನ ಹೆಸರೇನು?" ಎಲ್ಲರೂ ಥಟ್ಟನೆ ಹೇಳುತ್ತಾರೆ. "ಅಜ್ಜಿಯ ಹೆಸರು?" ಎಂದರೆ ಕೆಲವರು ಯೋಚನೆ ಮಾಡುತ್ತಾರೆ. "ಅಜ್ಜಿಯ ತಾಯಿಯ ಹೆಸರು?" ಎಂದರೆ ಸಭೆಯೇ ಸುಮ್ಮನಾಗುತ್ತದೆ. "ಎಲ್ರೂ ಅಮ್ಮಮ್ಮ ಅಂತಲೇ ಕರೀತಿದ್ರು ಸಿಸ್ಟರ್, ಹೆಸರು ಯಾರು ಕೇಳಿದ್ರು?" ಎನ್ನುತ್ತಾರೆ. ಹೊಲ ಗದ್ದೆಯಲ್ಲಿ ದುಡಿದು, ಹೆತ್ತು, ಹೊತ್ತು, ಸಂಸಾರ ನಡೆಸಿದ ಒಬ್ಬ ಹೆಣ್ಣುಮಗಳ ಹೆಸರು ಮೂರನೇ ತಲೆಮಾರಿಗೇ ಅಳಿಸಿ ಹೋಗಿರುತ್ತದೆ.

ನೆನಪು ಯಾಕೆ ಬೇಗ ಮರೆಯಾಗುತ್ತದೆ?

ಹಿಂದೆ ಜಗಲಿಯ ಮೇಲೆ ಕುಳಿತು ಅಡಿಕೆ ಸುಲಿಯುವಾಗ, ರಾಗಿ ಬೀಸುವಾಗ, ರಾತ್ರಿ ಮಕ್ಕಳನ್ನು ಮಲಗಿಸುವಾಗ ಮನೆಯ ಕಥೆಗಳು ತಾವಾಗಿಯೇ ಬಾಯಿಂದ ಬಾಯಿಗೆ ಹೋಗುತ್ತಿದ್ದವು. ಯಾರೂ ಕೂತು ಪಾಠ ಮಾಡಬೇಕಾಗಿರಲಿಲ್ಲ. ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ, ಹಿಟ್ಟು ಮಿಲ್ಲಿನಿಂದ ಬರುತ್ತದೆ, ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್. ಇದರಲ್ಲಿ ಯಾರದೂ ತಪ್ಪಿಲ್ಲ, ಕಾಲ ಬದಲಾಗಿದೆ. ಆದರೆ ಕೆಲಸದ ನಡುವೆ ತಾನಾಗಿ ನಡೆಯುತ್ತಿದ್ದ ಮಾತನ್ನು ಈಗ ನಾವೇ ಸಮಯ ಮಾಡಿಕೊಂಡು ಆಡಬೇಕಾಗಿದೆ.

ಹಿಂದಿನವರು ನೆನಪು ಕಾಪಾಡಲು ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದರು. ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆ ಮನೆಯ ವಂಶಾವಳಿ ಹೇಳುತ್ತಿದ್ದರು. ಯಾವ ಊರಿನಿಂದ ಬಂದವರು, ಯಾರಿಗೆ ಯಾರು ಮಕ್ಕಳು ಎಂಬುದೆಲ್ಲಾ ಅವರಿಗೆ ಬಾಯಿಪಾಠ. ಪ್ರತಿಯಾಗಿ ಮನೆಯವರು ದವಸ ಧಾನ್ಯ ಕೊಡುತ್ತಿದ್ದರು. ಚರ್ಚುಗಳಲ್ಲಿ ಜ್ಞಾನಸ್ನಾನ ಮತ್ತು ಮದುವೆಯ ದಾಖಲೆ ಪುಸ್ತಕಗಳಿವೆ. ಮದುವೆಯ ದಾಖಲೆ ಇಡಬೇಕೆಂದು 1563ರಲ್ಲಿಯೇ ಟ್ರೆಂಟ್ ಮಹಾಸಭೆ ನಿಯಮ ಮಾಡಿತ್ತು. ಆದರೆ ಪುಸ್ತಕದಲ್ಲಿ ಹೆಸರು, ತಾರೀಖು ಸಿಗುತ್ತದೆಯೇ ಹೊರತು ಆ ಮದುವೆಗೆ ಸಾಲ ಯಾರು ಕೊಟ್ಟರು, ದಿಬ್ಬಣ ಹೊಳೆ ದಾಟಿದ್ದು ಹೇಗೆ ಎಂಬುದು ಸಿಗುವುದಿಲ್ಲ. ಅದು ಸಿಗುವುದು ಅಜ್ಜಿಯ ಹತ್ತಿರವೇ.

ಇದರಿಂದ ಏನು ಲಾಭ?

"ಹಳೇ ಕಥೆ ಕಟ್ಕೊಂಡು ಏನ್ ಮಾಡೋದು ಸಿಸ್ಟರ್, ಹೊಟ್ಟೆಗೆ ಹಿಟ್ಟು ಬರ್ತದಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೂರು ಉತ್ತರ ಕೊಡುತ್ತೇವೆ.

ಮೊದಲನೆಯದು, ಮಕ್ಕಳಿಗೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನಿನ್ನ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಇಂಥ ಪ್ರಶ್ನೆಗಳು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ವಿಶ್ವಾಸವೂ ಹೆಚ್ಚಿರುವುದು ಅವರಿಗೆ ಕಂಡಿತು. ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿಸಿದರೆ ಈ ವಿಶ್ವಾಸ ಬರುವುದಿಲ್ಲ. ಮನೆಯವರು ಒಟ್ಟಿಗೆ ಕುಳಿತು ಮಾತಾಡುವುದರಿಂದ ಬರುತ್ತದೆ. "ನಮ್ಮ ಮನೆಯವರು ಕಷ್ಟಪಟ್ಟರು, ಬಿದ್ದರು, ಮತ್ತೆ ಎದ್ದರು" ಎಂದು ತಿಳಿದ ಮಗು ಪರೀಕ್ಷೆಯಲ್ಲಿ ಫೇಲಾದರೆ ಲೋಕವೇ ಮುಳುಗಿತೆಂದು ಭಾವಿಸುವುದಿಲ್ಲ.

ಎರಡನೆಯದು, ಹಿರಿಯರಿಗೆ. ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆಂದು ನಾವು ಬೇಸರಪಡುತ್ತೇವೆ. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ವೈದ್ಯರು, ಮುಪ್ಪಿನಲ್ಲಿ ಹಿಂದಿನದನ್ನು ತಿರುಗಿ ನೋಡುವುದು ಅರಳುಮರಳಿನ ಲಕ್ಷಣವಲ್ಲ, ಬದುಕಿನ ಲೆಕ್ಕ ಕೂಡಿಸಿಕೊಳ್ಳುವ ಸಹಜ ಕೆಲಸ ಎಂದು ಬರೆದರು. ಹತ್ತಿರ ಕುಳಿತು ಕೇಳುವವರಿದ್ದರೆ ಅವರಿಗೆ ಅದೇ ಅರ್ಧ ಔಷಧಿ.

ಮೂರನೆಯದು, ಹಕ್ಕಿಗೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯ ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ಅದರಲ್ಲಿ ಗಂಡುಮಕ್ಕಳ ಹೆಸರು ಸಾಲಾಗಿ ಬರುತ್ತದೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಕೆಲವು ಕಡೆ ಮರೆತು, ಕೆಲವು ಕಡೆ ಬೇಕೆಂದೇ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಮಗ, ಮಗಳು ಎಂಬ ಭೇದ ಮಾಡುವುದಿಲ್ಲ. ಕಾನೂನು ಕೊಟ್ಟದ್ದನ್ನು ಮನೆಯ ಮರೆವು ಕಿತ್ತುಕೊಳ್ಳಬಾರದು.

ಕಾಡಂಚಿನ ಕುಟುಂಬಗಳಿಗೆ ನೆನಪು ಇನ್ನೂ ದೊಡ್ಡ ಆಧಾರ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. 1930ರ ಕಾಗದ ಬಡವರ ಹತ್ತಿರ ಎಲ್ಲಿಂದ ಬರಬೇಕು? ಅದಕ್ಕೇ ನಿಯಮಗಳಲ್ಲಿ ಹಳೆಯ ಬಾವಿ, ಸ್ಮಶಾನ, ಪೂಜೆಯ ಜಾಗ, ವಂಶಾವಳಿ ಇವುಗಳ ಜೊತೆಗೆ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷಿಯೆಂದು ಒಪ್ಪಲಾಗಿದೆ. ಒಂದೇ ಸಾಕ್ಷಿ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. "ಆ ಹಲಸಿನ ಮರ ನಮ್ಮ ಮುತ್ತಜ್ಜ ನೆಟ್ಟಿದ್ದು" ಎಂಬ ಮಾತಿಗೆ ಇಲ್ಲಿ ಬೆಲೆ ಇದೆ. ಆದರೆ ಆ ಮಾತು ಹೇಳುವವರು ಬದುಕಿರುವಾಗಲೇ ಅದನ್ನು ಬರೆದಿಡಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಆ ಮನೆಗಳ ಹೊಸ್ತಿಲು, ಬಾವಿ, ತೋಟ ಎಲ್ಲವೂ ನೀರಿನಡಿ ಹೋಯಿತು. ಆಗ ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಇಂದು ಎಪ್ಪತ್ತು ದಾಟಿದೆ. ಆ ಊರುಗಳ ಓಣಿ, ಕಾಲುದಾರಿ ಈಗ ಉಳಿದಿರುವುದು ಇವರ ಮನಸ್ಸಿನಲ್ಲಿ. ಮುಳುಗಡೆ ಕುಟುಂಬಗಳ ಮಕ್ಕಳು ಇದನ್ನು ಕೇಳಿಟ್ಟುಕೊಳ್ಳಲು ಇನ್ನು ತಡ ಮಾಡಬಾರದು.

ಕೇಳುವುದು ಹೇಗೆ?

"ನಿಮ್ಮ ಜೀವನದ ಬಗ್ಗೆ ಹೇಳಿ" ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. "ಎಂತ ಹೇಳೋದು ಮಾರಾಯ್ತಿ" ಎಂದು ಸುಮ್ಮನಾಗುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ಮದುವೆ ದಿನ ಊಟಕ್ಕೆ ಏನು ಮಾಡಿದ್ದರು? ಮೊದಲ ಹೆರಿಗೆ ಮಾಡಿಸಿದವರು ಯಾರು? ಶಾಲೆ ಬಿಟ್ಟದ್ದು ಯಾಕೆ?

ಇಸವಿ ಕೇಳಿದರೆ ಹಿರಿಯರಿಗೆ ನೆನಪಾಗುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಎಷ್ಟೋ ಜನರಿಗೆ ಹುಟ್ಟಿದ ತಾರೀಖಿಲ್ಲ, ಶಾಲೆಯ ಮೇಷ್ಟ್ರು ಬರೆದದ್ದೇ ತಾರೀಖು. ಅದಕ್ಕಾಗಿ ಊರಿನ ಘಟನೆಗಳನ್ನು ಹಿಡಿದು ಕೇಳಿ. 1951ರಲ್ಲಿ ಕಾಗೋಡು ಸತ್ಯಾಗ್ರಹ, 1956ರಲ್ಲಿ ರಾಜ್ಯ ಒಂದಾದದ್ದು, 1957ರಲ್ಲಿ ನಯಾಪೈಸೆ ಬಂದದ್ದು ಮತ್ತು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡದ್ದು, 1974ರ ನಂತರ ಗೇಣಿದಾರರು ಡಿಕ್ಲರೇಶನ್ ಹಾಕಿದ್ದು. "ಡಿಕ್ಲರೇಶನ್ ಹಾಕುವಾಗ ನೀನು ಎಷ್ಟನೇ ಬಸುರಿ?" ಎಂದರೆ ಅಜ್ಜಿ ಲೆಕ್ಕ ಹಾಕಿ ಹೇಳಿಬಿಡುತ್ತಾರೆ.

ಎಲ್ಲಾ ನೆನಪೂ ಸಿಹಿಯಲ್ಲ. ಸತ್ತ ಕೂಸುಗಳು, ಬಿಟ್ಟುಹೋದ ಗಂಡ, ಜಾತಿಯ ಅವಮಾನ, ಹಸಿವು ಇವೆಲ್ಲಾ ಒಳಗಿರುತ್ತವೆ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬಾರದು. ಕಣ್ಣೀರು ಬಂದರೆ ಪುಸ್ತಕ ಮುಚ್ಚಿ ಕೈ ಹಿಡಿದು ಕೂರಬೇಕು. "ಇದನ್ನು ಬರೀಬೇಡ" ಎಂದರೆ ಬರೆಯಬಾರದು. ಹಾಗೆಯೇ ದಾಯಾದಿ ಜಗಳದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹಗೆಯನ್ನೂ ಬಳುವಳಿಯಾಗಿ ಕೊಡಬಾರದು.

ಕಾಪಾಡುವುದು ಹೇಗೆ?

1. ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಹೆಸರು, ಊರು, ಅಂದಾಜು ಇಸವಿ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಹೆಸರಿಲ್ಲದ ಫೋಟೋ ಮುಂದಿನ ತಲೆಮಾರಿಗೆ ಬರೀ ರದ್ದಿ.

2. ಹಳೆಯ ಕಾಗದಪತ್ರಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ತೆಗೆಯುವುದು ಬಹಳ ಕಷ್ಟ. ಫೋಟೋ ತೆಗೆದಿಟ್ಟು, ಅಸಲನ್ನು ಕವರಿನಲ್ಲಿಡಿ.

3. ಮಲೆನಾಡಿನ ಮಳೆಗೆ ಬೂಷ್ಟು, ಗೆದ್ದಲು ಬೇಗ ಹಿಡಿಯುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಯಾಡಿಸಿ.

4. ಮೊಬೈಲಿನಲ್ಲಿ ಹಿರಿಯರ ದನಿ ರೆಕಾರ್ಡ್ ಮಾಡಿ. ಮೊಬೈಲ್ ಕಳೆದರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಇನ್ನೊಬ್ಬರ ಮೊಬೈಲಿಗೂ ಪೆನ್‌ಡ್ರೈವಿಗೂ ಹಾಕಿಡಿ. ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ಟೇಪು ಹಾಳಾಗುವ ಮೊದಲೇ ಇಳಿಸಿಕೊಳ್ಳಿ.

5. ಒಂದು ದೊಡ್ಡ ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಮೂರು ತಲೆಮಾರಿನ ನಕ್ಷೆ ಮಾಡಿ. ನಾವು ಸಮಾಜಕಾರ್ಯದಲ್ಲಿ ಇದನ್ನು ಜೀನೋಗ್ರಾಂ ಎನ್ನುತ್ತೇವೆ. ಹೆಣ್ಣುಮಕ್ಕಳ ತವರುಮನೆಯ ಹೆಸರು, ತವರೂರು ಕಡ್ಡಾಯವಾಗಿ ಸೇರಿಸಿ.

ಇದಕ್ಕೆ ಹೆಚ್ಚು ಖರ್ಚಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ವಾರಕ್ಕೆ ಒಂದು ಸಂಜೆ ಸಾಕು. ಬರೆಯಲು ಬಾರದವರಿದ್ದರೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳ ಕೈಯಲ್ಲಿ ಬರೆಸಿ, ಅವಳೂ ಕಲಿಯುತ್ತಾಳೆ. ಸಂಘದ ಉಳಿತಾಯ ಪುಸ್ತಕವನ್ನು ನೀವು ಎಷ್ಟು ಜೋಪಾನ ಮಾಡುತ್ತೀರೋ ಈ ನೋಟ್‌ಬುಕ್ಕನ್ನೂ ಅಷ್ಟೇ ಜೋಪಾನ ಮಾಡಿ. ಮೊದಲ ಪುಟದಲ್ಲಿ ನಿಮ್ಮ ಅಜ್ಜಿಯ ಹೆಸರಿರಲಿ. ಗೊತ್ತಿಲ್ಲವಾದರೆ, ಅದನ್ನು ಬಲ್ಲವರು ಇನ್ನೂ ಯಾರಿದ್ದಾರೆಂದು ಇವತ್ತೇ ವಿಚಾರಿಸಿ.