ಕೀಲುನೋವಿಗೆ ಮದ್ದು ಹುಡುಕುವ ಮುನ್ನ

ಹೂವಿನಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಮೇಲಿರುವ ಊರು. ಅಲ್ಲಿಂದ ಹೊಳೆಗೆ ಬೆನ್ನು ಮಾಡಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳತ್ತ ಸಾಗಿದಂತೆ ನದಿಯ ನೀರು ದೂರವಾಗಿ ಕೊಳವೆಬಾವಿಯೇ ಬಹುಪಾಲು ಊರುಗಳಿಗೆ ಆಸರೆಯಾಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಈ ಮಳೆಯಾಶ್ರಿತ ಸೀಮೆಯಲ್ಲಿ ಮೊಣಕಾಲು ಹಿಡಿದುಕೊಂಡು ಏಳುವವರು, ಬೆನ್ನು ಬಗ್ಗಿಸಲು ಕಷ್ಟಪಡುವವರು ಅಪರೂಪವಲ್ಲ. ಹಿಂದೆ ಇದಕ್ಕೆ 'ವಾಯು' ಎಂಬ ಕಾರಣ ಸಾಕಾಗುತ್ತಿತ್ತು. ಈಗ 'ಹಾರ್ಮೋನ್ ಏರುಪೇರು', 'ದೇಹದಲ್ಲಿ ಸೇರಿದ ವಿಷ' ಎಂಬ ಮಾತುಗಳು ಅದರ ಜೊತೆಗೆ ಬಂದಿವೆ. ದೇಹಶುದ್ಧಿ ಮಾಡುವುದಾಗಿ ಹೇಳಿಕೊಳ್ಳುವ ಪುಡಿ, ಪಾನೀಯಗಳಿಗೂ ಕೊರತೆಯಿಲ್ಲ.

ಈ ಮಾತುಗಳು ಪೂರ್ತಿ ಸುಳ್ಳಲ್ಲ. ಹಾರ್ಮೋನಿಗೂ ಕೀಲಿಗೂ ನಿಜವಾಗಿಯೂ ನಂಟಿದೆ. ಋತುಬಂಧದ ನಂತರ ಈಸ್ಟ್ರೊಜೆನ್ ಇಳಿದಾಗ ಮಹಿಳೆಯರಲ್ಲಿ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಅನೇಕರಿಗೆ ಕೀಲುಗಳ ನೋವು, ಬಿಗಿತ ಕಾಣಿಸಿಕೊಳ್ಳುವುದೂ ಆಗಲೇ. ಕೆಲಸ ಮುಗಿಸಿದ ಹಾರ್ಮೋನುಗಳನ್ನು ಯಕೃತ್ತು ಬದಲಾಯಿಸಿ, ಪಿತ್ತ ಮತ್ತು ಮೂತ್ರದ ಮೂಲಕ ಹೊರಹಾಕುವುದೂ ನಿಜ. ಆದರೆ ಯಕೃತ್ತು, ಮೂತ್ರಪಿಂಡಗಳು ಈ ಕೆಲಸವನ್ನು ಹಗಲಿರುಳು ತಾವೇ ಮಾಡುತ್ತವೆ. ಅವು ಆರೋಗ್ಯವಾಗಿರುವಾಗ ಪೊಟ್ಟಣದ ಪುಡಿಯ ನೆರವು ಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಈ ಸೀಮೆಯ ದೇಹಗಳಿಗೆ ದಿನವೂ ಸೇರುತ್ತಿರುವ ವಿಷ ಯಾವುದು?

ಅದು ಫ್ಲೋರೈಡ್. ಗ್ರಾನೈಟ್ ಜಾತಿಯ ಬಂಡೆಗಳಲ್ಲಿರುವ ಖನಿಜಗಳಿಂದ ಅದು ಅಂತರ್ಜಲಕ್ಕೆ ಕರಗಿ ಇಳಿಯುತ್ತದೆ. ನೀರಿನಲ್ಲಿ ಕ್ಷಾರಗುಣ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಹೆಚ್ಚು ಕರಗುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕೂಡ್ಲಿಗಿಯೂ ಸೇರಿದಂತೆ ಈ ಸೀಮೆಯ ಹಲವೆಡೆ ಕೊಳವೆಬಾವಿಯ ನೀರು ಈ ಮಿತಿಯನ್ನು ಮೀರಿದೆ. ದೇಶದಲ್ಲಿ ಈ ರೋಗ ಮೊದಲು ವೈದ್ಯಲೋಕದ ಗಮನಕ್ಕೆ ಬಂದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ದೇಹ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧದಷ್ಟನ್ನು ವಯಸ್ಕರ ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮೂಳೆ, ಹಲ್ಲುಗಳಲ್ಲಿ ನೆಲೆಸುತ್ತದೆ. ಬೆಳೆಯುವ ಮಕ್ಕಳ ಮೂಳೆಗಳು ಇನ್ನೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ. ವರ್ಷಗಳು ಕಳೆದಂತೆ ಮೂಳೆ ದಪ್ಪವಾಗಿಯೂ ಬಲಹೀನವಾಗುತ್ತದೆ. ಕೀಲುಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳಲ್ಲಿ ಸುಣ್ಣ ಕೂರುತ್ತದೆ, ಬೆನ್ನುಹುರಿಯ ಮೇಲೂ ಒತ್ತಡ ಬೀಳಬಹುದು.

ಹಾರ್ಮೋನು ಪ್ರವೇಶಿಸುವುದು ಇಲ್ಲಿಯೇ. ಫ್ಲೋರೈಡಿನ ಪ್ರಚೋದನೆಯಿಂದ ಬೆಳೆಯುವ ಹೊಸ ಮೂಳೆ ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ. ಕೊರತೆಯನ್ನು ಗಮನಿಸಿದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನು ಸ್ರವಿಸಿ, ಹಳೆಯ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ತರುತ್ತವೆ. ಫ್ಲೋರೋಸಿಸ್ ರೋಗಿಗಳಲ್ಲಿ ಈ ಗ್ರಂಥಿಗಳ ಅತಿ ಚಟುವಟಿಕೆಯನ್ನು ಭಾರತೀಯ ವೈದ್ಯರು 1973ರಲ್ಲೇ ವರದಿ ಮಾಡಿದ್ದರು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಹಾನಿ ಹೆಚ್ಚು. ಬಸಿರು, ಬಾಣಂತನಗಳಲ್ಲಿ ಕ್ಯಾಲ್ಸಿಯಂ ಕಳೆದುಕೊಂಡು, ಮುಂದೆ ಋತುಬಂಧವನ್ನೂ ದಾಟುವ ಬಡ ಮಹಿಳೆಯ ಮೇಲೆ ಈ ಹೊರೆಗಳೆಲ್ಲ ಒಟ್ಟಿಗೆ ಬೀಳುತ್ತವೆ.

ನೋವು ತಾಳಲಾರದೆ ಆಕೆ ಔಷಧದಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಾಳೆ. ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ನುಂಗಿದರೆ ಇಂಥ ಅನೇಕ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಹೆಸರು, ವಿಳಾಸವಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆಯಾಗಿದ್ದ ನಿದರ್ಶನಗಳೂ ದೇಶದಲ್ಲಿವೆ. ಫ್ಲೋರೈಡನ್ನು ಹೊರಹಾಕುವ ಪ್ರಧಾನ ಅಂಗ ಮೂತ್ರಪಿಂಡ. ಅದು ಸೋತರೆ ದೇಹದಲ್ಲಿ ಉಳಿಯುವ ಫ್ಲೋರೈಡ್ ಇನ್ನಷ್ಟು ಹೆಚ್ಚುತ್ತದೆ. ಹೀಗೆ ನೋವಿಗೆಂದು ನುಂಗಿದ್ದೇ ನೋವಿನ ಮೂಲವನ್ನು ಪೋಷಿಸಿದಂತಾಗುತ್ತದೆ.

ಬಲಿತ ಫ್ಲೋರೋಸಿಸ್ ಅನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಆದರೆ ರೋಗವನ್ನು ಪೂರ್ತಿಯಾಗಿ ತಡೆಯಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ರಿವರ್ಸ್ ಆಸ್ಮೋಸಿಸ್ ಘಟಕಗಳು ಅದನ್ನು ತಗ್ಗಿಸುತ್ತವೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರಾಗಿ, ಹಾಲು, ಸೊಪ್ಪುಗಳು ಕ್ಯಾಲ್ಸಿಯಂ ಕೊರತೆಯನ್ನು ತುಂಬುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008–09ರಲ್ಲಿ ಆರಂಭವಾಯಿತು. 2019ರ ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ನೀಡುವ ಗುರಿ ಇಟ್ಟುಕೊಂಡಿತು. ಶುದ್ಧ ನೀರಿನ ಘಟಕಗಳು, ನದಿನೀರಿನ ಬಹುಗ್ರಾಮ ಯೋಜನೆಗಳು ಬಂದಿವೆ. ಆದರೆ ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಕೊಳವೆಬಾವಿಗೇ ಕೊಡ ಹಿಡಿಯಬೇಕು. ಮಣ್ಣಿನ ವಾಸನೆಯೂ ಇಲ್ಲದ ಆ ತಿಳಿನೀರಿನ ಮೇಲೆ ಅನುಮಾನ ಪಡಲು ಯಾರಿಗೂ ಕಾರಣ ಕಾಣುವುದಿಲ್ಲ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಸರಳವಾದದ್ದು. ಪ್ರತಿ ಕುಡಿಯುವ ನೀರಿನ ಮೂಲದ ಫ್ಲೋರೈಡ್ ಪ್ರಮಾಣವನ್ನು ಗ್ರಾಮ ಪಂಚಾಯಿತಿ ತನ್ನ ಫಲಕದಲ್ಲಿ, ಪರೀಕ್ಷೆಯ ದಿನಾಂಕದೊಂದಿಗೆ ಬರೆಯಲಿ. ಶಾಲಾ ಆರೋಗ್ಯ ತಪಾಸಣೆಯಲ್ಲಿ ಮಕ್ಕಳ ಹಲ್ಲಿನ ಮೇಲಿನ ಬಿಳಿ, ಕಂದು ಮಚ್ಚೆಗಳನ್ನು ಎಣಿಸಲಿ; ಊರಿನ ನೀರಿನ ಬಗ್ಗೆ ಅದಕ್ಕಿಂತ ಮುಂಚಿತವಾದ ಎಚ್ಚರಿಕೆ ಸಿಗಲಾರದು. ಕೀಲುನೋವೆಂದು ಬಂದವರನ್ನು ವೈದ್ಯರು 'ಯಾವ ನೀರು ಕುಡಿಯುತ್ತೀರಿ?' ಎಂದೂ ಕೇಳಲಿ. ಎಲ್ಲ ಕೀಲುನೋವೂ ಫ್ಲೋರೋಸಿಸ್ ಅಲ್ಲ. ಆದರೆ ಆ ಒಂದು ಪ್ರಶ್ನೆ ಕೇಳದೆ ಕೊಟ್ಟ ಮದ್ದು, ಈ ಸೀಮೆಯಲ್ಲಿ, ಅರ್ಧ ಮದ್ದು ಮಾತ್ರ.