ಹವಳಕ್ಕೆ ಆರು ವರ್ಷದ ಬಿಡುವು

ನಮ್ಮ ಅಜ್ಜಿಯ ಕರಿಮಣಿ ಸರದಲ್ಲಿ ತಾಳಿಯ ಎರಡೂ ಪಕ್ಕ ಒಂದೊಂದು ಹವಳ ಇತ್ತು. ಎಣ್ಣೆ, ಅರಿಶಿನ ಕುಡಿದು ಕುಡಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ ಮಣಿಗಳು. ಹವಳ ಅಂದರೆ ಕೆಂಪು ಎಂದು ನಾನು ನಂಬಿದ್ದು ಅಲ್ಲಿಂದಲೇ. ಆದರೆ ಒಡವೆಗೆ ಬರುವ ಆ ಹವಳ ಬಹುಮಟ್ಟಿಗೆ ಮೆಡಿಟರೇನಿಯನ್ ಕಡಲಿನದು. ಬೆಳಕು ಕಡಿಮೆ ಇರುವ ಕಡೆ ಬೆಳೆಯುವ ಬೇರೆಯೇ ಜಾತಿ, ಅದರ ಎಲುಬೇ ಕೆಂಪು. ದ್ವೀಪ ಕಟ್ಟುವ ಹವಳದ ಎಲುಬು ಹಾಗಲ್ಲ. ಅದು ಚಿಪ್ಪುಸುಣ್ಣದಷ್ಟು ಬಿಳಿ, ವಸ್ತು ಚಿಪ್ಪಿನದೇ ಕ್ಯಾಲ್ಸಿಯಂ ಕಾರ್ಬೊನೇಟ್. ಚಿತ್ರಗಳಲ್ಲಿ ನಾವು ನೋಡುವ ಕಂದು, ಹಸಿರು, ಹಳದಿ ಬಣ್ಣಗಳಲ್ಲಿ ಬಹುಪಾಲು ಅದರ ಸ್ವಂತದ್ದಲ್ಲ, ಮನೆಯೊಳಗಿನ ಬಾಡಿಗೆದಾರರದ್ದು.

ಈ ಮನೆಯ ಯಜಮಾನನನ್ನು ಮೊದಲು ನೋಡೋಣ. ಪಾಲಿಪ್ ಎಂದು ಹೆಸರು. ಜೆಲ್ಲಿ ಮೀನಿನ ದಾಯಾದಿ. ಹೆಚ್ಚಿನವು ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರದವು. ಒಂದು ಮೆತ್ತನೆಯ ಚೀಲ, ಚೀಲಕ್ಕೊಂದು ಬಾಯಿ, ಬಾಯಿಯ ಸುತ್ತ ಬೆರಳುಗಳು. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಅದೊಂದೇ ಬಾಗಿಲು. ಸಾಮಾನ್ಯವಾಗಿ ಹಗಲೆಲ್ಲ ಮುದುಡಿ ಕೂತು, ಕತ್ತಲಾದ ಮೇಲೆ ಬೆರಳು ಚಾಚಿ, ತೇಲಿ ಬರುವ ಸಣ್ಣಪುಟ್ಟ ಜೀವಿಗಳನ್ನು ಕುಟುಕಿ ಹಿಡಿಯುತ್ತದೆ. ಅಷ್ಟರಿಂದಲೇ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ತನ್ನ ಚರ್ಮದೊಳಗೆ ಏಕಕೋಶದ ಪಾಚಿಗಳನ್ನು ಇಟ್ಟುಕೊಂಡಿದೆ. ಬೆರಳಿನ ಉಗುರಿನಷ್ಟು ಜಾಗದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು! ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ. ಪಾಲಿಪ್‌ಗೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಈ ಬಾಡಿಗೆಯಿಂದಲೇ ಬರುವುದುಂಟು. ಆ ಸಂಪಾದನೆಯ ಬಲದಲ್ಲೇ ಅದು ಕಡಲಿನ ನೀರಿನಿಂದ ಸುಣ್ಣ ಹೀರಿ ಕಲ್ಲಿನ ಮನೆ ಕಟ್ಟುತ್ತದೆ. ಕೊಂಬೆ ಹವಳವಾದರೆ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದೀತು, ಗುಂಡು ಹವಳ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು.

ಈ ಒಪ್ಪಂದ ಮುರಿಯುವುದು ಸೆಖೆಗೆ. ಆಯಾ ಕಡಲಿನ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಬರೀ ಒಂದು ಡಿಗ್ರಿ ಸೆಲ್ಸಿಯಸ್ ಮೇಲೇರಿ ನಾಲ್ಕು ವಾರ ನಿಂತರೆ ಸಾಕು. ಬಿಸಿ, ಬಿಸಿಲು ಎರಡೂ ಸೇರಿ ಪಾಚಿಯ ಅಡುಗೆಮನೆ ಕೆಡುತ್ತದೆ. ಸಕ್ಕರೆಯ ಬದಲು ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹೊರಬೀಳುತ್ತವೆ. ಪಾಲಿಪ್ ಬೇರೆ ದಾರಿ ಕಾಣದೆ ಪಾಚಿಯನ್ನು ಹೊರಹಾಕುತ್ತದೆ. ಆಗ ಉಳಿಯುವುದು ಪಾರದರ್ಶಕ ಚರ್ಮ, ಅದರಡಿಯಲ್ಲಿ ಬಿಳಿ ಎಲುಬು. ಬ್ಲೀಚಿಂಗ್ ಎನ್ನುವುದು ಇದನ್ನೇ. ಬಿಳಿಚಿದ ಹವಳ ಇನ್ನೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ತಡವಾದರೆ ಸಾವು.

ಈ ಬಿಳಿಚುವಿಕೆ ಮತ್ತೆ ಮತ್ತೆ ಕಂಡ ಜಾಗ ಲಕ್ಷದ್ವೀಪ. ಇದು ನಮಗೆ ಪರಸ್ಥಳವೇನಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಗಿಸಿದ ಟ್ಯೂನಾ ತುಂಬಿಕೊಂಡು ಅಲ್ಲಿನ ಹಾಯಿ ಹಡಗುಗಳು ಮಂಗಳೂರಿಗೆ ಬರುತ್ತಿದ್ದವು. ಇಡೀ ದ್ವೀಪಸಮೂಹದ ನೆಲ ಸುಮಾರು 32 ಚದರ ಕಿಲೋಮೀಟರ್, ಅಂದರೆ ಮೈಸೂರು ನಗರಕ್ಕಿಂತ ಚಿಕ್ಕದು. ಸಮುದ್ರಮಟ್ಟದಿಂದ ಬಹುಪಾಲು ಕಡೆ ಒಂದೆರಡು ಮೀಟರ್ ಎತ್ತರ, ಅಷ್ಟೇ. ಆ ನೆಲವೂ ಹವಳ ಒಡೆದು ಆದ ಮರಳು. ಮಳೆಯ ಸಿಹಿನೀರು ಈ ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಂತಿರುತ್ತದೆ. ದ್ವೀಪದವರ ಬಾವಿಯ ನೀರು ಅದೇ. ಸುತ್ತಲಿನ ಹವಳದ ದಿಬ್ಬ ಅರಬ್ಬೀ ಕಡಲಿನ ಅಲೆಯನ್ನು ಹೊರಗೇ ತಡೆದು ಮುರಿಯುವುದರಿಂದ ನೆಲವೂ ಉಳಿದಿದೆ, ಬಾವಿಯೂ ಉಳಿದಿದೆ.

1998ರಲ್ಲಿ, ಕಡಲನ್ನು ಕಾಯಿಸುವ ಎಲ್ ನಿನೊ ಬಂದ ಬೇಸಿಗೆಯಲ್ಲಿ, ಈ ದಿಬ್ಬಗಳು ಬಿಳಿಚಿದವು. ಆಗ ಲೆಕ್ಕಕ್ಕೆ ಇಳಿದವರು ರೋಹನ್ ಆರ್ಥರ್ ಎಂಬ ಕಡಲ ವಿಜ್ಞಾನಿ. ಅವರ ಸಂಸ್ಥೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇರುವುದು ಮೈಸೂರಿನಲ್ಲಿ. ಹವಳದ ಇಷ್ಟು ದೀರ್ಘ ಲೆಕ್ಕ ಕಡಲೇ ಕಾಣದ ಊರಿನ ಸಂಸ್ಥೆಯೊಂದರಿಂದ ಬಂತು ಎನ್ನುವುದು ನನಗೆ ಇವತ್ತಿಗೂ ತಮಾಷೆಯಾಗಿ ಕಾಣುತ್ತದೆ. ಅವರು ಆ ವರ್ಷ ಭಾರತದ ಮೂರು ಹವಳ ಪ್ರದೇಶಗಳನ್ನು ನೋಡಿ, 2000ದಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಎರಡರ ಲೆಕ್ಕ ನೋಡಿ: ಕಛ್ ಕೊಲ್ಲಿಯಲ್ಲಿ ಬಿಳಿಚಿದ್ದು ಶೇ. 11, ಸಾವು ಕಾಣಲಿಲ್ಲ. ಲಕ್ಷದ್ವೀಪದ ಲಗೂನುಗಳಲ್ಲಿ, ಅಂದರೆ ದಿಬ್ಬದೊಳಗಿನ ಶಾಂತ ನೀರಿನಲ್ಲಿ, ಬಿಳಿಚಿದ್ದು ಶೇ. 82, ಸತ್ತದ್ದು ಶೇ. 26.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಸಾವಿನ ವರದಿಯಾಗುತ್ತಿತ್ತು. ಆರ್ಥರ್ ಮತ್ತು ಅವರ ತಂಡ ಮತ್ತೆ ಮತ್ತೆ ಅದೇ ಜಾಗಗಳಿಗೆ ಮರಳಿದ್ದೇ ಈ ಕೆಲಸದ ತೂಕ. ಹವಳ ಅಳೆಯುವ ಕೆಲಸ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಕು, ತಳದ ಮೇಲೆ ಅಳತೆಯ ಟೇಪು ಎಳೆಯಬೇಕು, ಅದರಡಿ ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಬೇಕು: ಬದುಕಿದ ಹವಳ, ಸತ್ತ ಹವಳ, ಪಾಚಿ, ಮರಳು. ನಮ್ಮ ಸರ್ವೆಯವರು ಹೊಲಕ್ಕೆ ಸರಪಳಿ ಹಿಡಿದ ಹಾಗೇ. ಇಲ್ಲಿ ಮಾತ್ರ ಉಸಿರು ಮುಗಿಯುವುದರೊಳಗೆ ಅಳತೆಯೂ ಮುಗಿಯಬೇಕು.

1998ರ ನಂತರದ ಕೆಲವೇ ವರ್ಷಗಳಲ್ಲಿ ಒಂದು ವಿಚಿತ್ರ ಕಂಡಿತು. ಒಂದೇ ದ್ವೀಪದ ಪಶ್ಚಿಮ ಮಗ್ಗುಲು ಚೇತರಿಸಿಕೊಳ್ಳುತ್ತಿತ್ತು, ಪೂರ್ವ ಮಗ್ಗುಲು ಹಾಗೇ ಬಿದ್ದಿತ್ತು. ಮುಂಗಾರಿನ ಪೆಟ್ಟು ನೇರ ಬೀಳುವುದು ಪಶ್ಚಿಮಕ್ಕೆ. ಪೆಟ್ಟು ತಿನ್ನುವ ಕಡೆಯೇ ಏಕೆ ಚೇತರಿಕೆ?

ಉತ್ತರದ ಒಂದು ತುಣುಕು ಸತ್ತ ಹವಳದಲ್ಲೇ ಇದೆ. ಅಕ್ರೊಪೊರಾ ಎಂಬ ಜಾತಿಯಲ್ಲಿ ಮೇಜಿನಂತೆ ಅಗಲವಾಗಿ ಹರಡಿ, ಒಂಟಿ ಕಾಲಿನ ಮೇಲೆ ನಿಲ್ಲುವ ಹವಳಗಳಿವೆ. ಸತ್ತ ಮೇಲೂ ಮೇಜು ನಿಂತೇ ಇರುತ್ತದೆ. ತೇಲಿ ಬಂದ ಹವಳದ ಮರಿಗಳು ಒಳ್ಳೆಯ ಜಾಗ ಸಿಕ್ಕಿತೆಂದು ಅದರ ಮೇಲೇ ಕೂರುತ್ತವೆ. ಅಷ್ಟರಲ್ಲಿ ಹುಳುಗಳೂ ಸ್ಪಂಜುಗಳೂ ಕಾಲನ್ನು ಒಳಗಿಂದ ಕೊರೆದಿರುತ್ತವೆ. ಒಂದು ದಿನ ಮೇಜು ಮುರಿದು ಬೀಳುತ್ತದೆ, ಕೂತ ಮರಿಗಳ ಸಮೇತ. ಗೆದ್ದಲು ತಿಂದ ತೊಲೆಯ ಮೇಲೆ ಹೊಸ ಹೆಂಚು ಹೊದಿಸಿದ ಹಾಗೆ. ಅಲೆಯ ಹೊಡೆತ ಜೋರಿರುವ ಕಡೆ ಇಂಥ ಕುಂಬು ಮೇಜುಗಳು ಬೇಗ ಗುಡಿಸಿ ಹೋಗಿ ಕೆಳಗಿನ ಗಟ್ಟಿ ಬಂಡೆ ತೆರೆದುಕೊಳ್ಳುತ್ತದೆ. ಮರಿ ಕೂತರೆ ಅಂಥಲ್ಲಿ ಕೂರಬೇಕು.

ಇನ್ನೊಂದು ನೆರವು ಬಂದದ್ದು ಊಟದ ತಟ್ಟೆಯ ಕಡೆಯಿಂದ. 1960ರ ದಶಕದಿಂದ ಸರ್ಕಾರ ದ್ವೀಪದವರಿಗೆ ಯಂತ್ರದ ದೋಣಿ ಕೊಟ್ಟು ಟ್ಯೂನಾ ಹಿಡಿಯಲು ಹಚ್ಚಿತು. ಲಗೂನಿನಲ್ಲಿ ಸಣ್ಣ ಮೀನು ಬಲೆಗೆ ಹಾಕಿ, ಜೀವಂತ ಒಯ್ದು, ಹೊರಕಡಲಿನಲ್ಲಿ ಚೆಲ್ಲಿ, ಟ್ಯೂನಾ ಮುತ್ತಿಕೊಂಡಾಗ ಕೋಲುಗಾಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುವ ವಿಧಾನ ಅದು. ಹವಳ ಉಳಿಸುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಆದರೆ ಎಲ್ಲರ ಕಣ್ಣು ಟ್ಯೂನಾ ಮೇಲೆ ನೆಟ್ಟು, ದಿಬ್ಬದ ಗಿಳಿಮೀನು ಬದುಕಿಕೊಂಡಿತು. ಗಿಳಿಯಂಥ ಕೊಕ್ಕಿರುವ ಈ ಮೀನು ದಿನವಿಡೀ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ನೀರಿನಡಿ ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ಜೊತೆಗೆ ಕೊಕ್ಕಿಗೆ ಬಂದ ಸುಣ್ಣವನ್ನು ಅರೆದು ಮರಳಾಗಿ ಹೊರಹಾಕುತ್ತದೆ. ಪ್ರವಾಸಿಗಳು ಬರಿಗಾಲಲ್ಲಿ ನಡೆದು ಫೋಟೊ ತೆಗೆಸಿಕೊಳ್ಳುವ ಆ ಬಿಳಿ ಮರಳಿನಲ್ಲಿ ಗಿಳಿಮೀನಿನ ಹಿಕ್ಕೆ ಎಷ್ಟೋ ಇದೆ. ಪಾಚಿ ಮೇಯುವವರು ಇಲ್ಲದಿದ್ದರೆ ಹವಳದ ಮರಿಗೆ ಕೂರಲು ಜಾಗವೇ ಸಿಗುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ವ್ಯಾಪಾರದ ಬಲೆ, ಗಾಳಗಳು ದಿಬ್ಬದ ಮೀನುಗಳ ಕಡೆಗೂ ತಿರುಗಿವೆ. ಇದು ಕೆಟ್ಟ ಸುದ್ದಿ.

2010ರಲ್ಲಿ ಮತ್ತೆ ಸೆಖೆ, 2016ರಲ್ಲಿ ಮತ್ತೊಮ್ಮೆ. ತಂಡದ ಲೆಕ್ಕಪುಸ್ತಕದಲ್ಲಿ ಈಗ ಎರಡು ಎಳೆ ಕಾಣತೊಡಗಿದವು. ಪ್ರತಿ ಸಲವೂ ಸಾಯುವ ಪ್ರಮಾಣ ಹಿಂದಿನ ಸಲಕ್ಕಿಂತ ಕಡಿಮೆ. ಹವಳ ಸೆಖೆಗೆ ಒಗ್ಗಿಕೊಂಡಿತು ಎಂದು ಹಿಗ್ಗುವ ಮೊದಲು ಎರಡನೆಯ ಎಳೆ ನೋಡಬೇಕು: ಚೇತರಿಕೆಯೂ ಸಲಸಲಕ್ಕೆ ನಿಧಾನ. ಬೇಗ ಬೆಳೆದು ಬೇಗ ಸಾಯುವ ಕೊಂಬೆ, ಮೇಜು ಹವಳಗಳು ಮೊದಲ ಪೆಟ್ಟಿಗೇ ಹೋದವು. ಉಳಿದವರಲ್ಲಿ ಗಟ್ಟಿಗರು ಹೆಚ್ಚು, ಆದರೆ ಅವರು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯುವವರು. ಯುವಕರೆಲ್ಲ ಪಟ್ಟಣ ಸೇರಿದ ಹಳ್ಳಿಯಲ್ಲಿ ಗಟ್ಟಿಮುಟ್ಟಾದ ಮುದುಕರನ್ನು ಎಣಿಸಿ ಊರು ಸುಭಿಕ್ಷ ಅನ್ನಲಾಗುತ್ತದೆಯೇ?

ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ 24 ವರ್ಷದ ಲೆಕ್ಕ 2025ರಲ್ಲಿ ಪ್ರಕಟವಾಯಿತು. 1998ರಲ್ಲಿ ತಳದ ಶೇ. 37ರಷ್ಟನ್ನು ಜೀವಂತ ಹವಳ ಮುಚ್ಚಿತ್ತು. 2022ಕ್ಕೆ ಅದು ಶೇ. 20ರ ಆಸುಪಾಸಿಗೆ ಇಳಿದಿತ್ತು. ಅದೇ ಲೆಕ್ಕದಲ್ಲಿ ಸಿಕ್ಕ ಇನ್ನೊಂದು ಸಂಗತಿಯೇ ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು. ಸೆಖೆಯ ಪೆಟ್ಟು ಬಿದ್ದ ಮೇಲೆ ಮೊದಲ ವರ್ಷಗಳಲ್ಲಿ ಹವಳ ಹೆಚ್ಚೇನೂ ಏಳುವುದಿಲ್ಲ. ಮತ್ತೊಂದು ಪೆಟ್ಟಿಲ್ಲದೆ ಆರು ವರ್ಷ ಕಳೆದರೆ ಮಾತ್ರ ಬೆಳವಣಿಗೆ ವೇಗ ಹಿಡಿಯುತ್ತದೆ. ಬಾಣಂತಿಗೆ, ಜ್ವರ ಬಿಟ್ಟವರಿಗೆ, ಬೆಳೆ ತೆಗೆದ ಹೊಲಕ್ಕೆ ಬಿಡುವು ಕೊಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹವಳಕ್ಕೆ ಎಷ್ಟು ಬಿಡುವು ಎಂಬುದನ್ನು ಮಾತ್ರ ಕಾಲು ಶತಮಾನ ನೀರಿಗಿಳಿದು ಎಣಿಸಬೇಕಾಯಿತು.

ಬಿಡುವು ಕೊಡುವುದು ದ್ವೀಪದವರ ಕೈಯಲ್ಲಿಲ್ಲ. ಗಿಳಿಮೀನು ಹಿಡಿಯದಿರುವುದು, ಲಗೂನಿಗೆ ಕೊಳಚೆ ಬಿಡದಿರುವುದು, ಇಷ್ಟನ್ನು ಅವರು ಮಾಡಬಹುದು. ಕಡಲನ್ನು ಕಾಯಿಸುತ್ತಿರುವ ಇಂಗಾಲ ಬೇರೆ ಊರುಗಳದ್ದು, ನಮ್ಮ ಊರಿನದ್ದೂ ಅದರಲ್ಲಿದೆ. ಭೂಮಿಯ ತಾಪ 1.5 ಡಿಗ್ರಿ ಏರಿದರೆ ಜಗತ್ತಿನ ಹವಳ ದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು ಹೋಗುತ್ತವೆ, 2 ಡಿಗ್ರಿಗೆ ಶೇ. 99ಕ್ಕಿಂತ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2018ರಲ್ಲೇ ಹೇಳಿತ್ತು.

2016ರ ನಂತರ ಲಕ್ಷದ್ವೀಪಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2024ರ ಬೇಸಿಗೆಯಲ್ಲಿ. 2023ರ ಅಕ್ಟೋಬರ್ ಕೊನೆಯಲ್ಲೇ ಶುರುವಾಗಿದ್ದ ಕಡಲ ಸೆಖೆ ಮೇ ತಿಂಗಳಿಗೆ ದಿಬ್ಬಗಳನ್ನು ಬಿಳಿಚಿಸಿತ್ತು. ಅಲ್ಲಿಂದ ಎಣಿಸಿದರೆ ಆರು ವರ್ಷ ತುಂಬುವುದು 2030ರ ಬೇಸಿಗೆಗೆ.